ಎಲ್ಲವೂ ಜೊತೆಗಿದ್ದರೆ ಊರು ಯಾಕೆ ಬೇಕು?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಡೆ ಈಗ ಮೂರು ದಿನ ಸಾಲಾಗಿ ರಜೆ ಬಂತೆಂದರೆ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿಯುವವರಿದ್ದಾರೆ. ಒಳಗೆ ಹಾಸಿಗೆ, ಒಲೆ, ಫ್ರಿಜ್, ನೀರಿನ ಟ್ಯಾಂಕು, ಪುಟ್ಟದೊಂದು ಶೌಚಾಲಯ. ಪೀಣ್ಯ ದಾಟಿ ತುಮಕೂರು ರಸ್ತೆ ಹಿಡಿದು ಹುಬ್ಬಳ್ಳಿ ಸೇರಿ, ಅಲ್ಲಿಂದ ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದರೆ ಅಂಕೋಲೆ. ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಲ್ಲಿ ಒಂದಿಡೀ ದಿನ ಗಡಿಬಿಡಿಯಿಲ್ಲದೆ ಸುತ್ತಾಡಬೇಕೆಂಬ ಆಸೆ. ವಾರಪೂರ್ತಿ ಪರದೆಯ ಮುಂದೆ ಕೂತು ದಣಿದವರಿಗೆ ಆ ಆಸೆ ಹುಟ್ಟುವುದು ಸಹಜ, ಈಡೇರಲೂ ಬೇಕು. ನನ್ನ ಪ್ರಶ್ನೆ ಬೇರೆ. ಮನೆಯನ್ನೇ ಜೊತೆಗೆ ಕಟ್ಟಿಕೊಂಡು ಹೋದವರಿಗೆ ಆ ಊರು ಸಿಕ್ಕೀತೆ? ಸಿಗುವುದು ಕಷ್ಟ ಎಂದೇ ನಾನು ತಿಳಿದಿದ್ದೇನೆ. ಊರಿನಿಂದ ನಮಗೆ ಏನಾದರೂ ಬೇಕಾಗಿರಬೇಕು. ಆಗಲೇ ಅದು ನಮ್ಮೊಡನೆ ಮಾತಿಗಿಳಿಯುವುದು.

ಈ ಗಾಡಿಯನ್ನು ಸಾರಾಸಗಟಾಗಿ ಹೀಗಳೆಯುವುದೂ ಸರಿಯಲ್ಲ. ನಮ್ಮ ಹೆದ್ದಾರಿಗಳಲ್ಲಿ ಹೆಣ್ಣುಮಕ್ಕಳು ಪ್ರಯಾಣದ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಚೊಕ್ಕವಾದ ಶೌಚಾಲಯ ಸಿಕ್ಕೀತೆಂಬ ನಂಬಿಕೆಯಿಲ್ಲ. ಮಂಡಿನೋವಿನ ಅಜ್ಜಿಯನ್ನೋ ಹಾಲು ಕುಡಿಯುವ ಕೂಸನ್ನೋ ಕರೆದುಕೊಂಡು ಹೊರಟವರಿಗೆ ಕಾಲು ಚಾಚಲು ಜಾಗ, ಬಿಸಿನೀರು, ಮುಚ್ಚಿಕೊಳ್ಳುವ ಬಾಗಿಲು ಸಣ್ಣ ಅನುಕೂಲಗಳಲ್ಲ. ಎಷ್ಟೋ ಹಿರಿಯರು ಸಮುದ್ರ ನೋಡುವುದು ಇಂಥ ಗಾಡಿಯಿಂದಾಗಿಯೇ ಸಾಧ್ಯವಾಗುತ್ತಿದ್ದರೆ ಅದನ್ನು ಮನಸಾರೆ ಒಪ್ಪಬೇಕು. ಹನ್ನೊಂದು ಗಂಟೆಗೆ ರೂಮು ಖಾಲಿ ಮಾಡಿ ಎಂದು ಯಾರೂ ಬಾಗಿಲು ಬಡಿಯುವುದಿಲ್ಲ ಎಂಬುದೂ ನಿಜವೇ.

ತೊಡಕು ಬರುವುದು ಬೆಳಗಿನ ತಿಂಡಿಯ ಹೊತ್ತಿಗೆ. ಬೆಂಗಳೂರಿನಿಂದಲೇ ತಂದ ಬ್ರೆಡ್ಡು, ಮೊಟ್ಟೆ, ಪ್ಯಾಕೆಟ್ ಹಿಟ್ಟು ಫ್ರಿಜ್ಜಿನಲ್ಲಿ ಇವೆ. ಹಾಗಿದ್ದಮೇಲೆ ಅಂಕೋಲೆಯ ಪೇಟೆಗೆ ಹೋಗುವ ಕಾರಣವೇ ಉಳಿಯುವುದಿಲ್ಲ. ನದಿಬಾಗದ ಕಡಲ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಕುರ್ಚಿ ಹಾಕಿ, ಸಂಜೆಯವರೆಗೆ ಅಲೆ ನೋಡಿ ಬಂದರೆ ಮುಗಿಯಿತು. ಅದೇ, ಮಧ್ಯಾಹ್ನದ ಅಡುಗೆಗೆ ಮೀನು ಬೇಕು ಅನ್ನಿಸಿತು ಅನ್ನಿ. ಆಗ ಮೀನುಪೇಟೆಗೆ ಹೋಗಲೇಬೇಕು. ಸಾಲಾಗಿ ಕೂತ ಹೆಂಗಸರು, ಮುಂದೆ ಬುಟ್ಟಿಗಳಲ್ಲಿ ಬಂಗಡೆ, ನೊಗಲಿ, ಒದ್ದೆ ಮರಳು ಮೆತ್ತಿದ ಬಳಚು. “ತಂಗೀ, ಸಾರಿಗಾ, ಫ್ರೈಗಾ?” ಎಂಬ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋಗುವ ಹಾಗಿಲ್ಲ. ಆಕೆ ಮೀನಿನ ಕಿವಿರು ಎತ್ತಿ ಕೆಂಪು ತೋರಿಸುತ್ತಾಳೆ. ಎಷ್ಟು ಜನ ಉಣ್ಣುವವರು, ಹುಳಿಗೆ ಮುರುಗಲು ಇದೆಯೋ ಇಲ್ಲವೋ ಎಂದು ವಿಚಾರಿಸುತ್ತಾಳೆ. ಹೆಚ್ಚಲು ಬರುವುದಿಲ್ಲ ಎಂದರೆ ಮೆಟ್ಟುಗತ್ತಿಯನ್ನು ಕಾಲಲ್ಲಿ ಅದುಮಿ ಹಿಡಿದು, ಕ್ಷಣದಲ್ಲಿ ರೆಕ್ಕೆ, ಬಾಲ ತೆಗೆದು ತುಂಡು ಮಾಡಿ ಕೊಡುವವರು ಅಲ್ಲೇ ಇರುತ್ತಾರೆ. ಬಳಚು ಎಲ್ಲಿಂದ ಬಂತು ಎಂದು ಕೇಳಿದರೆ ನದಿಯ ಇಳಿತ, ಭರತ, ಅದನ್ನು ಹೆಕ್ಕುವವರ ಸೊಂಟನೋವು ಎಲ್ಲವೂ ಮಾತಿಗೆ ಬರುತ್ತವೆ. ಜೂನ್, ಜುಲೈ ಆದರೆ ದರ ಏಕೆ ಏರಿದೆ ಎಂಬ ಪ್ರಶ್ನೆಗೂ ಅಲ್ಲೇ ಉತ್ತರವಿದೆ: ಆ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ.

ಮಾತು ಮೀನಿಗೇ ನಿಲ್ಲುವುದಿಲ್ಲ. ಪಕ್ಕದ ಕೇಣಿಯಲ್ಲಿ ಬರಲಿರುವ ವಾಣಿಜ್ಯ ಬಂದರು ಬೇಡ ಎಂದು ಅಲ್ಲಿಯ ಮೀನುಗಾರರು ಹೋರಾಡಿದ್ದು, ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಕರಾವಳಿಯ ಹಳ್ಳಿಗರು ಮನೆಮಠ ಬಿಟ್ಟದ್ದು, 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನ ಸತ್ತದ್ದು, ಇವೆಲ್ಲ ಅಂಕೋಲೆಯವರ ದಿನದ ಮಾತು. ಅರ್ಧ ಕಿಲೋ ಬಂಗಡೆಯ ನೆಪದಲ್ಲಿ ಅಪರಿಚಿತರ ಕಿವಿಗೂ ಇದು ಬಿದ್ದೀತು. ಊರಿಗೆ ಹಳೆಯ ನೆನಪುಗಳೂ ಇವೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲೇ ಉಪ್ಪಿನ ಕಾಯಿದೆ ಮುರಿಯಲಾಯಿತು. ಕರ್ನಾಟಕದ ಬಾರ್ಡೋಲಿ ಎಂದು ಹೆಸರಾದ ಊರು ಇದು. ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ರೈತ, ಮೀನುಗಾರರ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಅದೇ ಟ್ರಸ್ಟಿನ ಗೋಖಲೆ ಶತಾಬ್ದಿ ಕಾಲೇಜು ಇಂದಿಗೂ ಅಂಕೋಲೆಯಲ್ಲಿ ನಡೆಯುತ್ತಿದೆ. ಕಡಲಿಗೆ ಮುಖ, ಪೇಟೆಗೆ ಬೆನ್ನು ಮಾಡಿ ಕೂತವರಿಗೆ ಇದರಲ್ಲಿ ಒಂದೂ ಕಾಣುವುದಿಲ್ಲ. ಅವರು ನೋಡಿದ ಅಲೆಯನ್ನು ಮಲ್ಪೆಯಲ್ಲೂ ನೋಡಬಹುದಿತ್ತು.

ಈ ಅಭ್ಯಾಸ ಗಾಡಿಯಿಂದ ಹುಟ್ಟಿದ್ದಲ್ಲ ಎಂಬುದು ನನಗೆ ಮುಖ್ಯ. ಬೆಂಗಳೂರಿನ ಹೊರವಲಯದಲ್ಲಿ ನಾವು ಹಾಗೆಯೇ ಬದುಕಲು ಕಲಿತಿದ್ದೇವೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಗಲು 2024ರ ಅಕ್ಟೋಬರ್ ಬರಬೇಕಾಯಿತು. ಅಷ್ಟು ವರ್ಷ ಬೋರ್‌ವೆಲ್ಲು, ಟ್ಯಾಂಕರು. ವಿದ್ಯುತ್ತು ಹೋದರೆ ಜನರೇಟರ್, ಕೊಳಚೆಗೆ ಸ್ವಂತ ಎಸ್‌ಟಿಪಿ, ಕಾಯಲು ಸೆಕ್ಯುರಿಟಿ, ತರಕಾರಿ ಬಾಗಿಲಿಗೇ. ಸರ್ಕಾರ ಕೊಡಬೇಕಾದ್ದನ್ನು ಕೊಡದಿದ್ದಾಗ ಜನ ತಮ್ಮ ದಾರಿ ತಾವು ನೋಡಿಕೊಂಡರು. ಅವರನ್ನು ದೂರಲಾರೆ. ಆದರೆ ಹತ್ತು ವರ್ಷ ವರ್ತೂರಿನ ಪಕ್ಕದಲ್ಲೇ ಇದ್ದು ವರ್ತೂರಿನ ಒಬ್ಬರ ಹೆಸರೂ ಗೊತ್ತಿಲ್ಲದೆ ಬಾಳಬಹುದಾದ ಬದುಕು ಅದರಿಂದ ಬೆಳೆಯಿತು. ಕ್ಯಾಂಪರ್‌ವ್ಯಾನ್ ಆ ಬದುಕಿಗೆ ಚಕ್ರ ಕಟ್ಟಿ ಕರಾವಳಿಗೆ ಕಳಿಸಿದೆ. ಅದೇ ಶುಕ್ರವಾರದ ರಾತ್ರಿ ಗೊರಗುಂಟೆಪಾಳ್ಯದಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ಸ್ಲೀಪರ್ ಬಸ್ಸಿಗೆ ಕಾಯುವ ಪೀಣ್ಯದ ಕಾರ್ಮಿಕನ ಕೈಯಲ್ಲಿ ಒಂದು ಬ್ಯಾಗು ಇರುತ್ತದೆ. ಬೆಳಿಗ್ಗೆ ಇಳಿದ ಊರಿನಲ್ಲಿ ಅವನಿಗೆ ಚಹಾ, ರಿಕ್ಷಾ, ದಾರಿ ಎಲ್ಲಕ್ಕೂ ಯಾರನ್ನಾದರೂ ಕೇಳಬೇಕು. ನನ್ನ ಲೆಕ್ಕದಲ್ಲಿ ಆ ಒಂದು ದಿನದಲ್ಲಿ ಹೆಚ್ಚು ಪಡೆಯುವವನು ಅವನೇ.

ಇನ್ನೊಂದು ವಿಷಯವನ್ನು ಎಲ್ಲರೂ ಸಂಕೋಚದಿಂದ ದಾಟಿಸುತ್ತಾರೆ. ಗಾಡಿಯ ಶೌಚದ ತೊಟ್ಟಿ ಎಲ್ಲಿ ಖಾಲಿಯಾಗಬೇಕು? ನಮ್ಮ ಕರಾವಳಿಯ ಮನೆಗಳ ಅಂಗಳದಲ್ಲಿ ತೆರೆದ ಬಾವಿಗಳಿವೆ. ಮರಳಿನಲ್ಲಿ, ಚಿರೆಕಲ್ಲಿನ ನೆಲದಲ್ಲಿ ಸುರಿದದ್ದು ಬೇಗ ಇಂಗಿ ಆ ನೀರನ್ನೇ ಮುಟ್ಟುತ್ತದೆ. ತೋಟದ ಮರೆಯಲ್ಲಿ ಕವಾಟ ತಿರುಗಿಸಿ ಹೊರಟವರು ಯಾರದೋ ಕುಡಿಯುವ ನೀರನ್ನು ಕೆಡಿಸಿರುತ್ತಾರೆ. ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಕಂಡ ವೈಟ್‌ಫೀಲ್ಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇರಳ 2021ರಲ್ಲೇ ‘ಕೇರವಾನ್ ಕೇರಳ’ ಎಂಬ ಯೋಜನೆ ತಂದು, ಗಾಡಿಗಳ ಜೊತೆಗೆ ಅವು ನಿಲ್ಲುವ ಪಾರ್ಕುಗಳನ್ನೂ ಮುಂದಿಟ್ಟಿತು. ನಮ್ಮಲ್ಲೂ ಅಂಥವು ಬರಬೇಕು. ಎಲ್ಲಿ ಬರಬೇಕೆಂಬುದರಲ್ಲೇ ಎಲ್ಲವೂ ಇದೆ. ಊರಾಚೆ, ಬೇಲಿ ಹಾಕಿದ ಕಡಲಂಚಿನಲ್ಲಿ ಕಟ್ಟಿದರೆ ಇನ್ನೊಂದು ಅಪಾರ್ಟ್‌ಮೆಂಟ್ ಆದೀತು. ಅಂಕೋಲೆಯಂಥ ಕಡೆ ಬಸ್‌ಸ್ಟ್ಯಾಂಡಿನಿಂದ, ಮೀನುಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪುರಸಭೆಯದೇ ಒಂದು ಜಾಗವಿರಲಿ. ನೀರು ತುಂಬಿಸಿಕೊಳ್ಳಲು ನಲ್ಲಿ, ತೊಟ್ಟಿ ಖಾಲಿ ಮಾಡಲು ಸರಿಯಾದ ಗುಂಡಿ, ಅದಕ್ಕೊಂದು ಶುಲ್ಕ, ಆ ಹಣ ಊರಿನ ಶೌಚಾಲಯಗಳ ನಿರ್ವಹಣೆಗೆ. ಒಳಗೆ ಅಂಗಡಿ, ಹೋಟೆಲು ಯಾವುದೂ ಬೇಡ. ಉಪ್ಪು ಮುಗಿದರೂ ಗೇಟು ದಾಟಿ ಪೇಟೆಗೇ ಹೋಗುವಂತಿರಲಿ.