ಮೂರು ಹುದ್ದೆಯ ವಿಭಾಗಕ್ಕೆ ಮೇಷ್ಟ್ರು ಯಾರು? ಪರಿಸರ ವಿಜ್ಞಾನದ ನೇಮಕಾತಿ ಲೆಕ್ಕ ಭದ್ರಾವತಿಗೆ ಯಾಕೆ ಬೇಕು

ಭದ್ರಾವತಿ: ಅತಿಥಿ ಉಪನ್ಯಾಸಕರ ಅರ್ಜಿ ಕರೆದಾಗಲೆಲ್ಲ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಒಬ್ಬರು ಬರ್ತಾರೆ. ಕೈಯಲ್ಲಿ ಅದೇ ಹಳೇ ಫೈಲು. ಎಂಎಸ್ಸಿ ಪರಿಸರ ವಿಜ್ಞಾನದ ಅಂಕಪಟ್ಟಿ, ಕೆ-ಸೆಟ್ ಪಾಸಾದ ಸರ್ಟಿಫಿಕೇಟ್, ಜಾತಿ ಪ್ರಮಾಣಪತ್ರ, ಹಿಂದೆ ಪಾಠ ಮಾಡಿದ ಕಾಲೇಜುಗಳ ಅನುಭವ ಪತ್ರ. ಎಲ್ಲದರದ್ದೂ ಎರಡೆರಡು ಕಾಪಿ. ಈ ಸಲ ಅಂಗಡಿಯವರು ಕೇಳಿಯೇ ಬಿಟ್ಟರು: "ಸರ್, ಇಷ್ಟೆಲ್ಲ ಓದಿದೀರ, ಪರ್ಮನೆಂಟ್ ಆಗೋದು ಯಾವಾಗ?" ಅವರು ನಕ್ಕು ಚಿಲ್ಲರೆ ಎಣಿಸಿ ಕೊಟ್ಟು ಹೋದರು.

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದರೆ ಅದು ಒಬ್ಬರ ನೌಕರಿಯ ವಿಷಯ ಅಲ್ಲ ಅಂತ ಗೊತ್ತಾಗುತ್ತೆ. ನಮ್ಮ ಹೊಳೆ ನೀರನ್ನು ಪರೀಕ್ಷೆ ಮಾಡಿ, "ಇದು ಸರಿ ಇಲ್ಲ" ಅಂತ ಸಹಿ ಹಾಕಿ ಹೇಳೋ ಒಬ್ಬ ಮನುಷ್ಯ ಜಿಲ್ಲೆಯಲ್ಲಿ ಇರ್ತಾನೋ ಇಲ್ವೋ ಅನ್ನೋ ವಿಷಯ ಅದು.

ಪಾಠ ಕಡ್ಡಾಯ, ಮೇಷ್ಟ್ರು ಕಡ್ಡಾಯ ಅಲ್ಲ

ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣ ಕೊಡಿ ಅಂತ ಹೇಳಿತ್ತು. ಅದು ಸರಿಯಾಗಿ ಜಾರಿಯಾಗಲಿಲ್ಲ. 2003ರ ಡಿಸೆಂಬರ್ 18ರಂದು ಕೋರ್ಟ್ ಮತ್ತೆ ಗಟ್ಟಿಯಾಗಿ ಆದೇಶ ಮಾಡಿತು. ಆಮೇಲೆ ಯುಜಿಸಿ ಆರು ತಿಂಗಳ ಪಠ್ಯಕ್ರಮ ಮಾಡಿ, ಬಿಎ, ಬಿಕಾಂ, ಬಿಎಸ್ಸಿ ಏನೇ ಓದಲಿ, ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿತು.

ಆದರೆ ಪಾಠ ಕಡ್ಡಾಯವಾದ ಹಾಗೆ ಆ ಪಾಠಕ್ಕೆ ಒಂದು ಹುದ್ದೆ ಕಡ್ಡಾಯ ಆಗಲಿಲ್ಲ. ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು, ಆದರೂ ಆ ಕ್ಲಾಸು ನೆನಪಿದೆ. ನಾನು ಸೇರಿದ್ದ ಕಾಲೇಜಿನಲ್ಲಿ ಪರಿಸರ ಪೇಪರ್ ಮಾಡ್ತಾ ಇದ್ದಿದ್ದು ಆ ವಾರ ಯಾರಿಗೆ ಗಂಟೆ ಕಮ್ಮಿ ಬಿದ್ದಿದೆಯೋ ಅವರು. ಒಂದು ವಾರ ಕಾಮರ್ಸ್ ಮೇಷ್ಟ್ರು, ಇನ್ನೊಂದು ವಾರ ಇತಿಹಾಸದ ಮೇಡಂ. ನೋಟ್ಸ್ ಬರೆಸೋರು, ನಾವು ಬರ್ಕೊಳ್ಳೋವು. ಅವರದ್ದೇನೂ ತಪ್ಪಿಲ್ಲ, ಅದು ಅವರ ವಿಷಯವೇ ಅಲ್ಲ. "ಓಝೋನ್ ಪದರ" ಅಂತ ಐದು ಅಂಕದ ಪ್ರಶ್ನೆ ಬರೆದು ಪಾಸಾದ್ವಿ. ಊರಿನ ಕೆರೆ ಯಾಕೆ ಹಸಿರುಗಟ್ಟಿದೆ ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ವಿಶ್ವವಿದ್ಯಾಲಯಗಳಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗ ಇರುತ್ತೆ. ನಮ್ಮ ತಾಲ್ಲೂಕಿನ ಶಂಕರಘಟ್ಟದಲ್ಲಿರೋ ಕುವೆಂಪು ವಿವಿಯಲ್ಲೂ ಇದೆ. ಆದರೆ ದೇಶದಲ್ಲಿ ಎಲ್ಲೇ ನೋಡಿ, ಭೌತಶಾಸ್ತ್ರ, ರಸಾಯನಶಾಸ್ತ್ರದ ಎದುರು ಪರಿಸರ ವಿಜ್ಞಾನ ಹೊಸ ವಿಷಯ. ಇಂಥ ಕಡೆ ಹುದ್ದೆಗಳು ಬೆರಳೆಣಿಕೆಯಷ್ಟೇ. ಹುದ್ದೆ ಕಮ್ಮಿ ಇರೋ ಕಡೆ ಒಂದೊಂದು ನೇಮಕಾತಿಯೂ ದೊಡ್ಡ ಜಗಳ.

ಮೊದಲ ಜಗಳ: ಎಣಿಸೋದು ಹೇಗೆ?

ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಏಳು ಸೋಪು ತಗೊಂಡರೆ ಒಂದು ಫ್ರೀ ಅಂತ ಸ್ಕೀಮ್ ಇದೆ ಅಂದುಕೊಳ್ಳಿ. ಗಿರಾಕಿ ಮೈ ಸೋಪು ಮೂರು, ಬಟ್ಟೆ ಸೋಪು ಮೂರು, ಪಾತ್ರೆ ಸೋಪು ಮೂರು ತಗೊಂಡರು. ಒಟ್ಟು ಬಿಲ್ಲಿಗೆ ಎಣಿಸಿದರೆ ಒಂಬತ್ತು, ಫ್ರೀ ಕೊಡಬೇಕು. ಒಂದೊಂದು ಬಗೆಗೂ ಬೇರೆ ಬೇರೆ ಎಣಿಸಿದರೆ ಎಲ್ಲೂ ಏಳು ಆಗಲ್ಲ, ಫ್ರೀ ಇಲ್ಲ. ಸ್ಕೀಮ್ ಅದೇ, ಎಣಿಕೆ ಬೇರೆ.

ಕೇಂದ್ರದ ವಿವಿಗಳ ಮೀಸಲಾತಿಯಲ್ಲಿ ಆಗಿದ್ದೂ ಇದೇ. ಮೊದಲು ಇಡೀ ವಿಶ್ವವಿದ್ಯಾಲಯವನ್ನು ಒಂದು ಘಟಕ ಮಾಡಿ 200 ಹುದ್ದೆಗಳ ಪಟ್ಟಿಯಲ್ಲಿ ಎಣಿಸ್ತಾ ಇದ್ದರು. ಅದರಲ್ಲಿ ಎಸ್‌ಸಿಗೆ 30, ಎಸ್‌ಟಿಗೆ 15, ಒಬಿಸಿಗೆ 54. 2017ರ ಏಪ್ರಿಲ್‌ನಲ್ಲಿ ಅಲಹಾಬಾದ್ ಹೈಕೋರ್ಟ್, ಇಡೀ ವಿವಿ ಅಲ್ಲ, ಒಂದೊಂದು ವಿಭಾಗವನ್ನೇ ಘಟಕ ಮಾಡಿ ಅಂತ ತೀರ್ಪು ಕೊಟ್ಟಿತು. 2018ರ ಮಾರ್ಚ್ 5ರಂದು ಯುಜಿಸಿ ಅದನ್ನೇ ಎಲ್ಲರಿಗೂ ಬರೆದು ಕಳಿಸಿತು. ಇದಕ್ಕೇ 13 ಬಿಂದುವಿನ ರೋಸ್ಟರ್ ಅಂತ ಹೆಸರು.

ಆ ರೋಸ್ಟರ್‌ನಲ್ಲಿ ಮೊದಲ ಮೂರು ಹುದ್ದೆ ಸಾಮಾನ್ಯ. 4ನೇದು ಒಬಿಸಿ, 7ನೇದು ಎಸ್‌ಸಿ, 14ನೇ ಸರದಿ ಎಸ್‌ಟಿ. ಈಗ ಮೂರೇ ಹುದ್ದೆ ಇರೋ ಪರಿಸರ ವಿಜ್ಞಾನ ವಿಭಾಗಕ್ಕೆ ಇದನ್ನು ಹಾಕಿ ನೋಡಿ. ಒಬಿಸಿ ಸರದಿ ಬರಬೇಕಂದ್ರೆ ಮೂವರಲ್ಲಿ ಒಬ್ಬರು ನಿವೃತ್ತಿ ಆಗಬೇಕು. ಎಸ್‌ಸಿ ಸರದಿ ಬರಬೇಕಂದ್ರೆ ಮೂವರೂ ನಿವೃತ್ತಿಯಾಗಿ, ಅವರ ಜಾಗಕ್ಕೆ ಬಂದವರಲ್ಲೂ ಒಬ್ಬರು ನಿವೃತ್ತಿಯಾಗಬೇಕು. ಇವತ್ತು ಎಂಎಸ್ಸಿ ಮುಗಿಸಿದ ಹುಡುಗನಿಗೆ ಅಷ್ಟೊತ್ತಿಗೆ ಮೊಮ್ಮಕ್ಕಳಾಗಿರ್ತಾರೆ.

ಕೋರ್ಟಿನ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಭೌತಶಾಸ್ತ್ರದ ಮೇಷ್ಟ್ರನ್ನು ಪರಿಸರ ವಿಜ್ಞಾನಕ್ಕೆ ಹಾಕೋಕಾಗಲ್ಲ, ಹಾಗಾಗಿ ಬೇರೆ ಬೇರೆ ವಿಷಯದ ಹುದ್ದೆಗಳನ್ನು ಒಂದೇ ಗುಂಪಿಗೆ ಸೇರಿಸಬಾರದು ಅನ್ನೋದು ಆ ವಾದ. ನಮ್ಮ ಕರ್ನಾಟಕದ ಕಾಲೇಜಿನ ಒಂದು ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿತ್ತು. ಆದರೆ ನ್ಯಾಯದ ಲೆಕ್ಕ ಸರಿ ಇದ್ದರೂ ನೆಲದ ಮೇಲಿನ ಫಲ ಬೇರೆ: ಚಿಕ್ಕ ವಿಭಾಗಗಳ ಬಾಗಿಲು ಹಿಂದುಳಿದವರಿಗೆ ಮುಚ್ಚಿತು.

2019ರ ಜನವರಿ 22ರಂದು ಸುಪ್ರೀಂ ಕೋರ್ಟ್ ಕೇಂದ್ರದ ಮೇಲ್ಮನವಿ ವಜಾ ಮಾಡಿತು. ಬೀದಿಯಲ್ಲಿ ಪ್ರತಿಭಟನೆ ಜೋರಾಯ್ತು. ಲೋಕಸಭೆ ಚುನಾವಣೆ ಹತ್ತಿರ ಇತ್ತು. ಮಾರ್ಚ್ 7ಕ್ಕೆ ಸುಗ್ರೀವಾಜ್ಞೆ ಬಂತು, ಜುಲೈನಲ್ಲಿ ಕಾಯ್ದೆ ಆಯ್ತು. ಮತ್ತೆ ಇಡೀ ಸಂಸ್ಥೆಯೇ ಘಟಕ. ಆದರೆ ಒಂದು ಮಾತು: ಆ ಕಾಯ್ದೆ ಕೇಂದ್ರದ ಸಂಸ್ಥೆಗಳಿಗೆ ಮಾತ್ರ. ಕಲಬುರಗಿ ಜಿಲ್ಲೆಯ ಕೇಂದ್ರೀಯ ವಿವಿಗೆ ಅನ್ವಯ, ರಾಜ್ಯ ಸರ್ಕಾರದ ವಿವಿಗಳಿಗಲ್ಲ. ಇಲ್ಲಿ ರಾಜ್ಯದ್ದೇ ರೋಸ್ಟರ್.

ರಾಜ್ಯದಲ್ಲಿ ಬೇರೆ ತಡೆ ಬಂತು. ಒಳಮೀಸಲಾತಿ ತೀರ್ಮಾನ ಆಗೋವರೆಗೂ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್ 28ರಂದು ಸಚಿವ ಸಂಪುಟ ಹೇಳಿತು. 2025ರ ಆಗಸ್ಟ್ 19ಕ್ಕೆ ಎಸ್‌ಸಿಗಿರೋ ಶೇ 17ನ್ನು 6, 6, 5 ಅಂತ ಹಂಚಿತು. ಒಳಮೀಸಲಾತಿ ದಶಕಗಳ ಬೇಡಿಕೆ, ಆಗಲೇಬೇಕಿತ್ತು. ಆದರೆ ಮಧ್ಯದ ಹತ್ತು ತಿಂಗಳು ವಯಸ್ಸು ಯಾರಿಗೂ ಕಾಯಲ್ಲ.

ಎರಡನೇ ಜಗಳ: ಆರಿಸೋರು ಯಾರು?

ಸರ್ಕಾರಿ ಪದವಿ ಕಾಲೇಜಿಗೆ ಸಹಾಯಕ ಪ್ರಾಧ್ಯಾಪಕರಾಗಬೇಕಂದ್ರೆ ಕೆಇಎ ಪರೀಕ್ಷೆ ಬರೀಬೇಕು. 1,242 ಹುದ್ದೆಗೆ 2022ರಲ್ಲಿ ಹಾಗೇ ಪರೀಕ್ಷೆ ನಡೀತು. ವಿಶ್ವವಿದ್ಯಾಲಯದ ದಾರಿ ಬೇರೆ. ಯುಜಿಸಿಯ 2018ರ ನಿಯಮದ ಪ್ರಕಾರ ಅಂಕ, ಪಿಎಚ್‌ಡಿ, ಲೇಖನ, ಅನುಭವ ಎಲ್ಲ ಸೇರಿಸಿ ಹಾಕೋ ಅಂಕಪಟ್ಟಿ ಸಂದರ್ಶನಕ್ಕೆ ಕರೆಯೋದಕ್ಕಷ್ಟೇ. ಒಳಗೆ ಹೋದ ಮೇಲೆ ಆ ಅಂಕಕ್ಕೆ ಬೆಲೆ ಇಲ್ಲ. ಆಯ್ಕೆ ಸಂದರ್ಶನದ ಮೇಲೆ ಮಾತ್ರ.

ಹಾಗಾಗಿ ಸಂದರ್ಶನದ ಮೇಜಿನಲ್ಲಿ ಯಾರು ಕೂತಿದ್ದಾರೆ ಅನ್ನೋದೇ ಮುಖ್ಯ. ಅದೇ ನಿಯಮದಂತೆ ಕುಲಪತಿ ಅಥವಾ ಅವರು ಕಳಿಸಿದವರು ಅಧ್ಯಕ್ಷರು. ಕುಲಾಧಿಪತಿಗಳ, ಅಂದ್ರೆ ರಾಜ್ಯಪಾಲರ ಕಡೆಯಿಂದ ಒಬ್ಬರು. ಮೂವರು ವಿಷಯ ತಜ್ಞರು, ಅವರನ್ನು ವಿವಿಯ ಮಂಡಳಿ ಒಪ್ಪಿದ ಪಟ್ಟಿಯಿಂದ ಕುಲಪತಿಯೇ ಆರಿಸ್ತಾರೆ. ಜೊತೆಗೆ ಡೀನ್, ವಿಭಾಗದ ಮುಖ್ಯಸ್ಥರು. ಅಭ್ಯರ್ಥಿಗಳಲ್ಲಿ ದಲಿತ, ಹಿಂದುಳಿದ, ಅಲ್ಪಸಂಖ್ಯಾತ, ಮಹಿಳೆ ಅಥವಾ ಅಂಗವಿಕಲರಿದ್ದು, ಸಮಿತಿಯಲ್ಲಿ ಆ ವರ್ಗದವರಿಲ್ಲದಿದ್ದರೆ ಅವರ ಪರವಾಗಿ ಒಬ್ಬರು. ನಾಲ್ವರು ಬಂದರೆ ಸಭೆ ನಡೆಸಬಹುದು, ಅದರಲ್ಲಿ ಇಬ್ಬರು ಹೊರಗಿನ ತಜ್ಞರಿರಬೇಕು.

ಎಣಿಸಿ ನೋಡಿ, ಎಷ್ಟು ಕುರ್ಚಿಗೆ ಕುಲಪತಿಯ ದಾರಿಯಲ್ಲೇ ಬರಬೇಕು ಅಂತ. ಕುಲಪತಿ ಒಳ್ಳೆಯವರಾದರೆ ಆಯ್ಕೆ ಒಳ್ಳೇದು. ಇಲ್ಲ ಅಂದ್ರೆ ಮೂವತ್ತು ವರ್ಷ ಆ ವಿಭಾಗಕ್ಕೆ ಅದೇ ಗತಿ. ಮೂವರ ವಿಭಾಗದಲ್ಲಿ ಒಂದು ತಪ್ಪು ನೇಮಕಾತಿ ಅಂದ್ರೆ ಮೂರನೇ ಒಂದು ಭಾಗ ಹಾಳಾದ ಹಾಗೆ.

ಪಾಠ ಮಾಡೋ ಸಾಮರ್ಥ್ಯ ಬರೀ ಬರವಣಿಗೆ ಪರೀಕ್ಷೆಯಲ್ಲಿ ಗೊತ್ತಾಗಲ್ಲ, ಎದುರು ಕೂರಿಸಿ ಕೇಳಬೇಕು ಅನ್ನೋದು ಸಂದರ್ಶನದ ಪರ ಇರೋರ ಮಾತು. ಒಪ್ಪೋಣ. ಆದರೆ ಬರವಣಿಗೆಗೂ ಸ್ವಲ್ಪ ಅಂಕ ಇಟ್ಟು ಎರಡನ್ನೂ ಕೂಡಿಸೋಕೆ ಏನಡ್ಡಿ?

ಇದರ ಜೊತೆ ಇನ್ನೊಂದು ತೊಡಕು. ಆ ವಿಷಯದಲ್ಲೇ ಅಥವಾ ಅದಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಎಂಎಸ್ಸಿ ಇದ್ದರೆ ಸಾಕು ಅಂತ ನಿಯಮ. ಪರಿಸರ ವಿಜ್ಞಾನಕ್ಕೆ ಸಂಬಂಧ ಇಲ್ಲದ ವಿಷಯ ಯಾವುದಿದೆ ಹೇಳಿ? ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ ಎಲ್ಲದಕ್ಕೂ ಸಂಬಂಧ ಇದೆ. ನೆಟ್‌ನಲ್ಲಿ, ಕೆ-ಸೆಟ್‌ನಲ್ಲಿ ಪರಿಸರ ವಿಜ್ಞಾನಕ್ಕೆ ಪ್ರತ್ಯೇಕ ಪೇಪರ್ ಇದ್ದರೂ, ಅದನ್ನೇ ಓದಿದವರು ಬಾಗಿಲಲ್ಲಿ ನಿಂತು, ಬೇರೆಯವರು ಒಳಗೆ ಹೋಗೋ ಸಾಧ್ಯತೆ ಇದ್ದೇ ಇದೆ. ಬೇರೆ ವಿಷಯದವರಿಂದ ವಿಭಾಗಕ್ಕೆ ಲಾಭವೂ ಇದೆ ನಿಜ, ನೀರು ಪರೀಕ್ಷೆಗೆ ರಸಾಯನಶಾಸ್ತ್ರ ಗೊತ್ತಿರೋರು ಬೇಕೇ ಬೇಕು. ಆದರೆ ಅದು ವಿಭಾಗದ ಅಗತ್ಯ ನೋಡಿ ಮೊದಲೇ ಜಾಹೀರಾತಿನಲ್ಲಿ ಹಾಕೋ ಷರತ್ತಾಗಬೇಕು, ಸಂದರ್ಶನದ ದಿನ ತೀರ್ಮಾನ ಆಗೋದಲ್ಲ.

ಮೂರನೇ ಜಗಳ: ಮೇಲಿನವರಲ್ಲಿ ಮೇಲಿನವರು ಯಾರು?

ಎಲ್ಲ ಕುಲಪತಿ ಕೈಯಲ್ಲಿದ್ದರೆ ಕುಲಪತಿಯನ್ನು ಮಾಡೋರು ಯಾರು? 2025ರ ಜನವರಿ 6ರಂದು ಯುಜಿಸಿ ಹೊಸ ಕರಡು ನಿಯಮ ಬಿಟ್ಟಿತು. ಅದರಲ್ಲಿ ಕುಲಪತಿ ಆಯ್ಕೆ ಸಮಿತಿಗೆ ಮೂವರು: ಕುಲಾಧಿಪತಿ ಕಡೆಯವರು ಅಧ್ಯಕ್ಷರು, ಯುಜಿಸಿ ಅಧ್ಯಕ್ಷರ ಕಡೆಯವರು ಒಬ್ಬರು, ವಿವಿಯ ಸಿಂಡಿಕೇಟ್‌ನಂಥ ಮಂಡಳಿಯಿಂದ ಒಬ್ಬರು. ರಾಜ್ಯ ಸರ್ಕಾರಕ್ಕೆ ಕುರ್ಚಿ ಇಲ್ಲ. ಅದೇ ಕರಡಿನಲ್ಲಿ, ಎಂಎಸ್ಸಿ ಯಾವುದರಲ್ಲೇ ಮಾಡಿರಲಿ, ನೆಟ್ ಅಥವಾ ಪಿಎಚ್‌ಡಿ ಯಾವ ವಿಷಯದಲ್ಲಿದೆಯೋ ಆ ವಿಷಯಕ್ಕೆ ಮೇಷ್ಟ್ರಾಗಬಹುದು ಅಂತಲೂ ಇತ್ತು.

ಸಂಬಳ ಕೊಡೋರು ನಾವು, ಆರಿಸೋರು ಅವರಾ ಅಂತ ಹಲವು ರಾಜ್ಯಗಳು ಸಿಟ್ಟಾದವು. ಫೆಬ್ರವರಿ 5ರಂದು ಬೆಂಗಳೂರಿನಲ್ಲೇ ಉನ್ನತ ಶಿಕ್ಷಣ ಸಚಿವರ ಸಮಾವೇಶ ನಡೆದು ನಿರ್ಣಯ ಆಯ್ತು. ರಾಜ್ಯದ ಮಾತು ನ್ಯಾಯವೇ. ಆದರೆ ಹಕ್ಕು ಕೇಳೋ ಸರ್ಕಾರ ಹುದ್ದೆ ತುಂಬೋ ಜವಾಬ್ದಾರಿಯನ್ನೂ ಅಷ್ಟೇ ಜೋರಾಗಿ ಹೊರಬೇಕಲ್ಲ? ಅದೇ ತಿಂಗಳು ರಾಜ್ಯದ ಸಂಪುಟ ಉಪಸಮಿತಿ, ಹಣ ಇಲ್ಲ ಅಂತ ಹೊಸ ವಿವಿಗಳನ್ನು ಮುಚ್ಚೋ ಮಾತಾಡಿತು. 2022ರ ಬಜೆಟ್‌ನಲ್ಲಿ ಘೋಷಣೆಯಾಗಿ, ತಲಾ 2 ಕೋಟಿ ರೂಪಾಯಿಯಲ್ಲಿ ಶುರುವಾದ ವಿವಿಗಳೂ ಆ ಪಟ್ಟಿಯಲ್ಲಿದ್ದವು. ಎರಡು ಕೋಟಿಯಲ್ಲಿ ವಿವಿ ಕಟ್ಟೋಕೆ ಹೊರಟಿದ್ದು ಒಂದು ಸರ್ಕಾರ, ಮುಚ್ಚೋಕೆ ಹೊರಟಿದ್ದು ಇನ್ನೊಂದು.

ನಮಗೇನು?

ಕಾಯಂ ಮೇಷ್ಟ್ರಿಲ್ಲದ ಕಡೆ ಪಾಠ ಹೇಗೋ ನಡೆಯುತ್ತೆ, ಅತಿಥಿ ಉಪನ್ಯಾಸಕರು ಮಾಡ್ತಾರೆ. ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ 50,000ದವರೆಗೆ ಕೊಡಬಹುದು ಅಂತ ಯುಜಿಸಿ 2019ರಲ್ಲೇ ಹೇಳಿದೆ. ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರು 2023ರ ಕೊನೆಯಲ್ಲಿ ಮುಷ್ಕರ ಮಾಡಿದ ಮೇಲೆ ನಮ್ಮ ಸರ್ಕಾರ ಏರಿಸಿದ್ದು ಅನುಭವ ನೋಡಿ 5 ಸಾವಿರದಿಂದ 8 ಸಾವಿರ.

ನಿಂತು ಹೋಗೋದು ಸಂಶೋಧನೆ. ಪಿಎಚ್‌ಡಿಗೆ ಮಾರ್ಗದರ್ಶಕರಾಗೋದು ಕಾಯಂ ಅಧ್ಯಾಪಕರೇ. ಪ್ರೊಫೆಸರ್‌ಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕರಿಗೆ 4 ವಿದ್ಯಾರ್ಥಿಗಳು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತಗೊಳ್ಳಂಗಿಲ್ಲ. ಅಂದ್ರೆ ಒಬ್ಬ ಪ್ರೊಫೆಸರ್ ನಿವೃತ್ತಿಯಾಗಿ ಆ ಜಾಗ ಖಾಲಿ ಬಿದ್ದರೆ, ಎಂಟು ಜನ ಹುಡುಗರು ಎಂಟು ಕೆರೆಯ ನೀರು ಹಿಡಿದು ನೋಡೋದು ನಿಂತ ಹಾಗೆ.

ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡರ ಅನ್ನವನ್ನೂ ಉಂಡ ಊರು, ಭದ್ರಾ ಹೊಳೆಯ ನೀರನ್ನೇ ಕುಡಿದ ಊರು. ನಾಳೆ ಇಲ್ಲಿಗೆ ಹೊಸ ದೊಡ್ಡ ಕಾರ್ಖಾನೆ ಬಂದರೆ ಒಳ್ಳೇದೇ, ಅಂಗಡಿಗಳಿಗೆ ವ್ಯಾಪಾರ ಆಗುತ್ತೆ. 2006ರ ನಿಯಮದಂತೆ ಅಂಥ ಯೋಜನೆಗೆ 30 ದಿನ ಮುಂಚೆ ತಿಳಿಸಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಸಭೆಯಲ್ಲಿ ಇಡೋ ಪರಿಸರ ಪರಿಣಾಮದ ವರದಿ ಬರೆಯೋ ಏಜೆನ್ಸಿಗೆ ದುಡ್ಡು ಕೊಡೋದು ಯೋಜನೆ ತರೋರೇ. ನೂರಾರು ಪುಟದ ಆ ವರದಿ ಓದಿ, ಇಂಥ ಪುಟದಲ್ಲಿ ಲೆಕ್ಕ ತಪ್ಪಿದೆ ಅಂತ ಮೈಕ್ ಮುಂದೆ ಹೇಳೋರು ಯಾರು? ನಾನಂತೂ ಅಲ್ಲ, ಡಿಗ್ರಿಯನ್ನೇ ಮುಗಿಸಿಲ್ಲ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಅಂತ ಫೈಲು ಹಿಡಿದು ಓಡಾಡೋ ಅತಿಥಿ ಉಪನ್ಯಾಸಕರೂ ಹೇಳಲಾರರು, ಅವರನ್ನು ದೂರೋ ಹಾಗೂ ಇಲ್ಲ. ಅದನ್ನು ಧೈರ್ಯವಾಗಿ ಹೇಳೋಕೆ ಕೆಲಸ ಗಟ್ಟಿ ಇರೋ, ವಿಷಯ ಗೊತ್ತಿರೋ ಒಬ್ಬರು ಬೇಕು.

ಏನು ಮಾಡಬಹುದು?

ಹತ್ತು ರೂಪಾಯಿ ಸಾಕು. ಮಾಹಿತಿ ಹಕ್ಕಿನಲ್ಲಿ ಯಾವುದೇ ವಿವಿಗೆ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ 150 ಪದದೊಳಗೆ, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಕೇಳಬೇಕಾದ್ದು ನಾಲ್ಕೇ ಪ್ರಶ್ನೆ:

ಪರಿಸರ ವಿಜ್ಞಾನ ವಿಭಾಗಕ್ಕೆ ಮಂಜೂರಾದ ಬೋಧಕ ಹುದ್ದೆ ಎಷ್ಟು?

ಅದರಲ್ಲಿ ಕಾಯಂ ಆಗಿ ತುಂಬಿದ್ದೆಷ್ಟು, ಖಾಲಿ ಎಷ್ಟು, ಯಾವ ವರ್ಷದಿಂದ?

ಖಾಲಿ ಹುದ್ದೆಗಳು ರೋಸ್ಟರ್‌ನಲ್ಲಿ ಯಾವ ವರ್ಗಕ್ಕೆ ಬರ್ತವೆ?

ಈ ವರ್ಷ ಅಲ್ಲಿ ಪಾಠ ಮಾಡ್ತಿರೋ ಅತಿಥಿ ಉಪನ್ಯಾಸಕರು ಎಷ್ಟು ಜನ?

ಹಾಗೇ ಪಕ್ಕದ ಪದವಿ ಕಾಲೇಜಿಗೂ ಒಂದು ಅರ್ಜಿ: ಪರಿಸರ ಪೇಪರ್ ಮಾಡೋರು ಯಾವ ವಿಷಯ ಓದಿದವರು? ನಿಮ್ಮ ಮಗಳೋ ಮಗನೋ ಅಲ್ಲೇ ಓದ್ತಾ ಇದ್ದರೆ ಅರ್ಜಿಯೂ ಬೇಡ, ಊಟಕ್ಕೆ ಕೂತಾಗ ಕೇಳಿ.

ಮಳೆಗಾಲಕ್ಕೆ ಮುಂಚೆ ರಸ್ತೆ ಗುಂಡಿ ಮುಚ್ಚಿ ಅಂತ ಕೇಳೋ ನಾವು, ಖಾಲಿ ಹುದ್ದೆ ತುಂಬಿ ಅಂತ ಕೇಳಿದ್ದು ಕಮ್ಮಿ. ಗುಂಡಿ ಕಣ್ಣಿಗೆ ಕಾಣುತ್ತೆ, ಗಾಡಿ ಬಿದ್ದರೆ ಗೊತ್ತಾಗುತ್ತೆ. ಖಾಲಿ ಕುರ್ಚಿ ಕಾಣಲ್ಲ. ಹೊಳೆಯಲ್ಲಿ ಮೀನು ಸತ್ತು ತೇಲಿದ ದಿನ, ಯಾಕೆ ಅಂತ ಹೇಳೋರು ಯಾರೂ ಇಲ್ಲ ಅಂದಾಗಲೇ ಅದು ಗೊತ್ತಾಗೋದು.