ಕಡತದ ಆಯುಷ್ಯ ಬರೆಯುವವರು ಯಾರು?

ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಪ್ರತಿ ಕಡತಕ್ಕೂ ಒಂದು ಆಯುಷ್ಯ ಗೊತ್ತುಪಡಿಸಿರುತ್ತಾರೆ. ಕೆಲವು ಶಾಶ್ವತ, ಉಳಿದವನ್ನು ನಿಗದಿತ ವರ್ಷಗಳ ನಂತರ ನಾಶಪಡಿಸಬಹುದು. ಅದಕ್ಕೂ ಮುನ್ನ ಪಟ್ಟಿ ತಯಾರಾಗಬೇಕು, ಅಧಿಕಾರಿಯ ರುಜು ಬೀಳಬೇಕು. ಈ ವಿಳಂಬವನ್ನು ನಾವೆಲ್ಲರೂ ಹಳಿದವರೇ. (ಗೆದ್ದಲು ಮಾತ್ರ ಯಾರ ರುಜುವಿಗೂ ಕಾದಿದ್ದಿಲ್ಲ.)

ಈಗ ಕಡತಗಳು ಕ್ಲೌಡ್ ಸೇರುತ್ತಿವೆ, ಅಂದರೆ ಎಲ್ಲೋ ಇರುವ ಬಾಡಿಗೆ ಸರ್ವರುಗಳನ್ನು. ಅಲ್ಲಿ ಆಯುಷ್ಯ ನಿರ್ಧರಿಸುವುದು ಕೆಲವೇ ಸಾಲುಗಳ ಸ್ವಯಂಚಾಲಿತ ನಿಯಮ. ಉದಾಹರಣೆಗೆ ಅಮೆಜಾನ್‌ನ ಎಸ್-3 ಸೇವೆಯಲ್ಲಿ, 30 ದಿನ ಕಳೆದ ಕಡತವನ್ನು ಅಗ್ಗದ ವರ್ಗಕ್ಕೂ 90 ದಿನ ಕಳೆದುದನ್ನು ಇನ್ನೂ ಅಗ್ಗದ ‘ಗ್ಲೇಸಿಯರ್’ಗೂ ಸಾಗಿಸಿ, 7 ವರ್ಷಕ್ಕೆ ಅಳಿಸಬೇಕೆಂದು ಒಮ್ಮೆ ಬರೆದಿಟ್ಟರೆ ಸಾಕು, ಮುಂದೆ ಯಾರೂ ನೋಡಬೇಕಾಗಿಲ್ಲ. ಖರ್ಚು ತಗ್ಗುತ್ತದೆ. ಉದ್ದೇಶ ತೀರಿದ ವೈಯಕ್ತಿಕ ಮಾಹಿತಿಯನ್ನು ಕೂಡಿಡಬಾರದೆಂಬ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯಕ್ಕೂ ಇದು ಒಪ್ಪುತ್ತದೆ. ಇಂಥ ನಿಯಮಗಳು ಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ.

ನನ್ನ ಆತಂಕವಿರುವುದು ಆ ‘ಯಾರೂ ನೋಡಬೇಕಾಗಿಲ್ಲ’ ಎಂಬಲ್ಲಿ. 2020ರ ಆಗಸ್ಟ್‌ನಲ್ಲಿ ಕೆಪಿಎಂಜಿ ಸಂಸ್ಥೆಯಲ್ಲಿ ಒಬ್ಬ ಬಳಕೆದಾರರಿಗೆ ಸಂಬಂಧಿಸಿದ ಮೈಕ್ರೋಸಾಫ್ಟ್ ಟೀಮ್ಸ್‌ನ ನಿಯಮವನ್ನು ಬದಲಿಸಹೊರಟಾಗ, ಸುಮಾರು 1,45,000 ಮಂದಿಯ ವೈಯಕ್ತಿಕ ಸಂಭಾಷಣೆಗಳು ಅಳಿಸಿಹೋದವು. ಅವು ಮರಳಿ ದೊರೆಯಲಿಲ್ಲ.

ಪ್ರಮಾದಕ್ಕೆ ತಡೆಗಳಿಲ್ಲವೆಂದಲ್ಲ. ಎಸ್-3ರಲ್ಲಿ ‘ವರ್ಷನಿಂಗ್’ ಸೌಲಭ್ಯ ಚಾಲೂ ಮಾಡಿದ್ದರೆ, ಅವಧಿ ಮುಗಿದ ಕಡತದ ಮೇಲೆ ಅಳಿಸಿದ ಗುರುತು ಬೀಳುತ್ತದೆಯೇ ಹೊರತು ಒಳಗೆ ಹಳೆಯ ಪ್ರತಿ ಉಳಿದಿರುತ್ತದೆ. ಅದನ್ನೂ ಅಳಿಸಲು ಪ್ರತ್ಯೇಕ ನಿಯಮವೇ ಬೇಕು. ಗೊತ್ತಾದ ಅವಧಿಯವರೆಗೆ ಕಡತಕ್ಕೆ ಬೀಗ ಹಾಕುವ ‘ಆಬ್ಜೆಕ್ಟ್ ಲಾಕ್’ 2018ರಿಂದ ಇದೆ. ಆದರೆ ಹಳೆಯ ಪ್ರತಿಗಳಿಗೂ ಬಾಡಿಗೆ ತೆರಬೇಕು. ಬಿಲ್ಲು ಇಳಿಸುವುದಕ್ಕೆಂದೇ ಕುಳಿತವರು ಮೊದಲು ಕೈಬಿಡುವುದು ಇವನ್ನೇ ಎಂಬುದು ನನ್ನ ಅನುಮಾನ.

ಕೇಂದ್ರ ಸರ್ಕಾರದ ದಾಖಲೆಗಳನ್ನು ವಿಧಿ ಮೀರಿ ನಾಶಪಡಿಸಿದವರಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ 5 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ನಿಯಮವೇ ಅಳಿಸಿದಾಗ ಹೊಣೆ ಯಾರದು? 7 ಎಂಬ ಅಂಕಿಯನ್ನು ಒತ್ತಿದ ಎಂಜಿನಿಯರನದೋ, ಅದನ್ನು ಓದಿಯೇ ನೋಡದ ಮುಖ್ಯಸ್ಥರದೋ? ಅವಧಿಯನ್ನು ಗೊತ್ತುಪಡಿಸಬೇಕಾದವರು ಕಡತದ ಅರ್ಥ ಬಲ್ಲ ಅಧಿಕಾರಿಗಳು. ಆ ಅವಧಿಯ ಪಟ್ಟಿಯನ್ನು ಇಲಾಖೆ ಬಹಿರಂಗವಾಗಿ ಪ್ರಕಟಿಸಲಿ. ಅಳಿಸುವ ಒಂದು ತಿಂಗಳ ಮುನ್ನ ಕಡತಗಳ ಯಾದಿ ಅಧಿಕಾರಿಯ ಮೇಜಿಗೆ ಬಂದು, ರುಜು ಬಿದ್ದ ಮೇಲೆಯೇ ನಿಯಮ ಓಡಲಿ. ಪಿಂಚಣಿಗಾಗಿ ತಮ್ಮ ಹಳೆಯ ಸೇವಾ ದಾಖಲೆಯನ್ನು ಕೇಳಿಕೊಂಡು ಬಂದ ಹಿರಿಯರಿಗೆ ‘ಸಿಸ್ಟಂ ಅಳಿಸಿಬಿಟ್ಟಿದೆ’ ಎಂದು ಹೇಳಿ ಕಳುಹಿಸಲಾಗದು.