ಟೆನಿಸ್ ಕಲಬುರಗಿಗೆ ಬಂದು ಹೋಯ್ತು, ಕಡಗಂಚಿಗೆ ಸುದ್ದಿ ಮುಟ್ಟೋದು ಯಾವಾಗ?

ಕಡಗಂಚಿ: 2024ರ ಜನವರಿ 16ರಂದು ಮೆಲ್ಬರ್ನ್‌ನಲ್ಲಿ ಸುಮಿತ್ ನಾಗಲ್ ಅವರು 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು 6-4, 6-2, 7-6ರಿಂದ ಸೋಲಿಸಿದ ಸುದ್ದಿ ಎಲ್ಲರ ಮೊಬೈಲಿಗೂ ಬಂತು. ಗ್ರ್ಯಾಂಡ್ ಸ್ಲಾಮ್ ಪುರುಷರ ಸಿಂಗಲ್ಸ್‌ನಲ್ಲಿ ಭಾರತದವರೊಬ್ಬರು ಶ್ರೇಯಾಂಕಿತ ಆಟಗಾರನನ್ನು ಸೋಲಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಅವರ ನಂತರ ಇದೇ ಮೊದಲು. ಹನ್ನೊಂದು ದಿನ ಬಿಟ್ಟು ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಅದೇ ಊರಲ್ಲಿ ಡಬಲ್ಸ್ ಕಪ್ ಎತ್ತಿದರು. ಟೆನಿಸ್ ಅಂದ್ರ ಸಾನಿಯಾ, ಪೇಸ್, ಭೂಪತಿ ಅಷ್ಟೇ ಅನ್ನೋ ಮಂದಿನೂ ಆ ಎರಡು ವಾರ ಸ್ಕೋರ್ ಕೇಳಿದರು.

ಈ ಸಂಭ್ರಮದೊಳಗ ಒಂದು ಮಾತು ಹಿಂದ ಬಿತ್ತು. ನಾಗಲ್ ನೇರವಾಗಿ ಮುಖ್ಯ ಸುತ್ತಿಗೆ ಹೋದವರಲ್ಲ. ಹಿಂದಿನ ವಾರ ಮೂರು ಅರ್ಹತಾ ಪಂದ್ಯ ಗೆದ್ದು, ಆಮೇಲೆ ಬುಬ್ಲಿಕ್ ಎದುರು ನಿಂತವರು. 2023ರ ಸೆಪ್ಟೆಂಬರ್‌ನಲ್ಲಿ ಇದೇ ಆಟಗಾರ ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿದ್ದು 900 ಯೂರೋ ಮಾತ್ರ ಅಂತ ಹೇಳಿಕೊಂಡಿದ್ದರು. ಆಗಿನ ನಮ್ಮ ಲೆಕ್ಕದಾಗ ಸುಮಾರು 80 ಸಾವಿರ ರೂಪಾಯಿ. ಆಗ ದೇಶದ ನಂಬರ್ ಒನ್ ಆಗಿದ್ದ ಆಟಗಾರನ ಕಥೆನೇ ಇದು.

ಅರ್ಹತಾ ಸುತ್ತು ನೋಡ್ಲಿಕ್ಕೆ ಮೆಲ್ಬರ್ನ್‌ಗೇ ಹೋಗಬೇಕಾಗಿರಲಿಲ್ಲ. 2023ರ ನವೆಂಬರ್ 26ರಿಂದ ಡಿಸೆಂಬರ್ 3ರವರೆಗೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಪುರುಷರ ಐಟಿಎಫ್ ಟೂರ್ನಿ ನಡೆಯಿತು. ಒಟ್ಟು ಬಹುಮಾನ 25 ಸಾವಿರ ಡಾಲರ್. ಚೆನ್ನೈನ ರಾಮ್‌ಕುಮಾರ್ ರಾಮನಾಥನ್ ಫೈನಲ್‌ನಲ್ಲಿ ಆಸ್ಟ್ರಿಯಾದ ಡೇವಿಡ್ ಪಿಚ್ಲರ್ ಅವರನ್ನು 6-2, 6-1ರಿಂದ ಸೋಲಿಸಿ ಗೆದ್ದರು. ಇವರು 2018ರಲ್ಲಿ ವಿಶ್ವ ರ‍್ಯಾಂಕಿಂಗ್‌ನಲ್ಲಿ 111ರ ತನಕ ಹೋಗಿದ್ದವರು, ಅದೇ ವರ್ಷ ಅಮೆರಿಕದ ನ್ಯೂಪೋರ್ಟ್‌ನಲ್ಲಿ ಎಟಿಪಿ ಫೈನಲ್ ಆಡಿದವರು. ಅಂಥವರು ಕಲಬುರಗಿಯೊಳಗ ಒಂದು ವಾರ ಇದ್ದು ಆಡಿ ಹೋದರು. ಕಡಗಂಚಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ತಾಸಿನ ಆಸುಪಾಸಿನ ದಾರಿ.

ಫೈನಲ್ ದಿನ ಮಂತ್ರಿಗಳು, ಅಧಿಕಾರಿಗಳು, ಫೋಟೋ, ಹಾರ ಎಲ್ಲಾ ಇರ್ತದ. ಆದರೆ ಟೆನಿಸ್ ಇಷ್ಟಪಡುವವರಿಗೆ ಇಂಥ ಟೂರ್ನಿಯ ನಿಜವಾದ ಹಬ್ಬ ಮೊದಲ ಎರಡು ದಿನ. ಐಟಿಎಫ್ ಟೂರ್ನಿಗಳಲ್ಲಿ ಅರ್ಹತಾ ಪಂದ್ಯಗಳು ಸಾಮಾನ್ಯವಾಗಿ ಭಾನುವಾರ, ಸೋಮವಾರ ನಡೀತಾವ. ಈ ದರ್ಜೆಯ ಟೂರ್ನಿಗೆ ಟಿಕೆಟ್ ಇಡೋದು ಅಪರೂಪ. ಮುಂಜಾನಿಂದ ಸಂಜಿತನಕ ಎಲ್ಲಾ ಅಂಕಣಗಳಲ್ಲಿ ಒಂದೇ ಸಲ ಪಂದ್ಯ ನಡೀತಿರ್ತಾವ. ಒಂದು ಕಡೆ ಬೇಜಾರಾದ್ರ ಹತ್ತು ಹೆಜ್ಜೆ ನಡೆದು ಇನ್ನೊಂದು ಪಂದ್ಯ ನೋಡಬಹುದು. ಟಿವಿಯಲ್ಲಿ ಎತ್ತರದ ಕ್ಯಾಮೆರಾದಿಂದ ನೋಡಿದಾಗ ಚೆಂಡು ನಿಧಾನ ಅನಿಸ್ತದ. ಜಾಲರಿ ಬೇಲಿಯ ಪಕ್ಕ ನಿಂತರೆ ಸರ್ವ್ ಎಷ್ಟು ಜೋರು ಬರ್ತದ, ಅದನ್ನ ತಿರುಗಿಸಿ ಹೊಡೆಯಲು ಎಷ್ಟು ಕಡಿಮೆ ಹೊತ್ತು ಸಿಗ್ತದ ಅನ್ನೋದು ಮೊದಲ ಬಾರಿ ಗೊತ್ತಾಗ್ತದ.

ಕಡಗಂಚಿಯಿಂದ ಒಬ್ಬ ಅಭಿಮಾನಿ ಹೊರಟರೆ ದಿನ ಹೀಗಿರ್ತದ. ಮುಂಜಾನಿ ಆಳಂದ ಕಡೆಯಿಂದ ಬರುವ ಬಸ್ ಹಿಡೀಬೇಕು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರೋದ್ರಿಂದ ಖರ್ಚಿಲ್ಲ. ಗಂಡುಹುಡುಗರು ಟಿಕೆಟ್ ತಗೋಬೇಕು. ಚೀಲದಾಗ ರೊಟ್ಟಿ, ಶೇಂಗಾ ಹಿಂಡಿ, ಎರಡು ಬಾಟಲಿ ನೀರು, ತಲಿಗೆ ಟೋಪಿ. ನವೆಂಬರ್ ಕೊನೆ ಅಂದ್ರೂ ಕಲಬುರಗಿ ಮಧ್ಯಾಹ್ನದ ಬಿಸಿಲು ಬಿಸಿಲೇ, ನೆರಳಿರೋ ಕಡೆ ಜಾಗ ಹಿಡಿದವನೇ ಜಾಣ.

ಅಲ್ಲಿ ನೋಡಲು ಸಿಗೋರು ಯಾರು? ಹೆಸರು ಕೇಳಿರದ ಹುಡುಗರು. ಕೆಲವರಿಗೆ ರ‍್ಯಾಂಕಿಂಗ್ ಸಾವಿರದ ಆಚೆ, ಕೆಲವರಿಗೆ ರ‍್ಯಾಂಕಿಂಗೇ ಇಲ್ಲ. ಹೆಚ್ಚಿನವರಿಗೆ ಜೊತಿಗೆ ಕೋಚ್ ಇರಲ್ಲ. ಚೀಲ ತಾನೇ ಹೊರಬೇಕು, ಹೋಟೆಲ್ ಕೋಣೆ ಇನ್ನೊಬ್ಬನ ಜೊತಿ ಹಂಚಿಕೊಳ್ಳಬೇಕು. ದೊಡ್ಡ ಟೂರ್ನಿಗಳ ಹಾಗೆ ಗೆರೆ ನೋಡುವ ಕ್ಯಾಮೆರಾ ಇಲ್ಲ. ಚೆಂಡು ಒಳಗ ಬಿತ್ತೋ ಹೊರಗ ಬಿತ್ತೋ ಅಂತ ಜಗಳ ಬಿದ್ದರೆ ಮಾತಿನಲ್ಲೇ ಮುಗಿಸಬೇಕು.

ಪಂದ್ಯದ ನಿಯಮವೂ ಇಲ್ಲಿ ಬ್ಯಾರೆ. ಇಬ್ಬರೂ ಒಂದೊಂದು ಸೆಟ್ ಗೆದ್ದರೆ ಮೂರನೇ ಸೆಟ್ ಪೂರ್ತಿ ಆಡಿಸಲ್ಲ, 10 ಪಾಯಿಂಟಿನ ಟೈಬ್ರೇಕ್ ಇರ್ತದ. ಎರಡು ತಾಸು ಆಡಿದ್ದೆಲ್ಲಾ ಹತ್ತು ನಿಮಿಷದಾಗ ಮುಗಿದುಹೋಗ್ತದ. ಅದಕ್ಕೇ ಅರ್ಹತಾ ಸುತ್ತಿನ ಮಧ್ಯಾಹ್ನ ನೋಡೋರಿಗೂ ಎದಿ ಡವಡವ ಅಂತದ.

ಈಗ ದುಡ್ಡಿನ ಲೆಕ್ಕ ನೋಡ್ರಿ. 25 ಸಾವಿರ ಡಾಲರ್ ಅಂದ್ರ 2023ರ ದರದಾಗ ಸುಮಾರು 20 ಲಕ್ಷ 80 ಸಾವಿರ ರೂಪಾಯಿ. ಕೇಳ್ಲಿಕ್ಕೆ ದೊಡ್ಡದು. ಅದರಲ್ಲಿ ಸಿಂಗಲ್ಸ್ ಗೆದ್ದವರಿಗೆ 2023ರಲ್ಲಿ ಹೋಗ್ತಿದ್ದದ್ದು 3,600 ಡಾಲರ್, ಅಂದಾಜು 3 ಲಕ್ಷ ರೂಪಾಯಿ. ಫೈನಲ್ ಸೋತವರಿಗೆ 2,120. ಮುಖ್ಯ ಸುತ್ತಿನ ಮೊದಲ ಪಂದ್ಯ ಸೋತು ಹೊರಟವರಿಗೆ 260 ಡಾಲರ್, ಅಂದ್ರ 21-22 ಸಾವಿರ. ಅರ್ಹತಾ ಸುತ್ತಿನಲ್ಲಿ ಸೋತವರಿಗೆ ಏನೂ ಇಲ್ಲ. ಸೊನ್ನೆ. ರೈಲು, ಹೋಟೆಲ್, ಊಟ, ರ‍್ಯಾಕೆಟ್‌ಗೆ ತಂತಿ ಕಟ್ಟಿಸೋದು ಎಲ್ಲಾ ಕೈಯಿಂದ. ಪಾಯಿಂಟ್ ಲೆಕ್ಕವೂ ಹಂಗೇ: ಚಾಂಪಿಯನ್‌ಗೆ 25 ಎಟಿಪಿ ಪಾಯಿಂಟ್, ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದವನಿಗೆ ಒಂದೇ ಒಂದು. ಆ ಒಂದು ಪಾಯಿಂಟ್ ಸಿಕ್ಕರೆ ಹೆಸರು ವಿಶ್ವ ರ‍್ಯಾಂಕಿಂಗ್ ಪಟ್ಟಿಗೆ ಬರ್ತದ. 32 ಜನರ ಮುಖ್ಯ ಸುತ್ತಿನಲ್ಲಿ ಅರ್ಹತಾ ಸುತ್ತಿನಿಂದ ಬರುವವರಿಗೆ 8 ಜಾಗ. ಆ ಎಂಟರೊಳಗ ಸೇರಲಿಕ್ಕೆ ಇಷ್ಟೆಲ್ಲಾ ಬಡಿದಾಟ.

ಅದೇ 32ರಲ್ಲಿ 4 ಜಾಗ ವೈಲ್ಡ್ ಕಾರ್ಡ್‌ಗೆ. ಇದು ಜಿಲ್ಲೆಯ ಮಟ್ಟಿಗೆ ಮುಖ್ಯ ವಿಷಯ. ರ‍್ಯಾಂಕಿಂಗ್ ಇಲ್ಲದಿದ್ದರೂ ಸ್ಥಳೀಯ ಹುಡುಗನನ್ನು ಆಡಿಸಲು ಟೂರ್ನಿಗೆ ಅವಕಾಶ ಇರೋದು ಇದರಿಂದ. ಊರಲ್ಲಿ ಟೂರ್ನಿ ನಡೆಸೋದರ ದೊಡ್ಡ ಲಾಭವೇ ಇದು. ಆದರೆ ಬಾಗಿಲು ತೆಗೆದಾಗ ಒಳಗ ಹೋಗಲಿಕ್ಕೆ ನಮ್ಮ ಹುಡುಗ ಇರಬೇಕಲ್ಲ? ಆಳಂದ, ಅಫಜಲಪುರ, ಜೇವರ್ಗಿ ಕಡೆ ಕಬಡ್ಡಿ, ಖೋಖೋ, ವಾಲಿಬಾಲ್, ಕ್ರಿಕೆಟ್ ಆಡೋ ಹುಡುಗರಿಗೆ ಬರ ಇಲ್ಲ. ಟೆನಿಸ್ ರ‍್ಯಾಕೆಟ್ ಕೈಯಾಗ ಹಿಡಿದವರನ್ನ ಹುಡುಕಬೇಕು. ಇದಕ್ಕೆ ಆಸಕ್ತಿ ಇಲ್ಲ ಅನ್ನೋದು ಕಾರಣ ಅಲ್ಲ. ಕಬಡ್ಡಿಗೆ ಮೈದಾನ ಸಾಕು. ಟೆನಿಸ್‌ಗೆ ಅಂಕಣ ಬೇಕು, ಚೆಂಡು ಬೇಕು, ಕಲಿಸೋರು ಬೇಕು, ಮ್ಯಾಲ ವಾರಕ್ಕ ನಾಕು ದಿನ ಊರಿಂದ ಹೋಗಿಬರೋ ಖರ್ಚು.

ಐಟಿಎಫ್ ಟೂರ್ನಿ ಅನ್ನೋದು ಮನೆಯ ಮೇಲಿನ ಮಹಡಿ. ಅದರ ಕೆಳಗೆ ಮೆಟ್ಟಿಲುಗಳಿವೆ. ಅಖಿಲ ಭಾರತ ಟೆನಿಸ್ ಸಂಸ್ಥೆ 12, 14, 16, 18 ವರ್ಷದೊಳಗಿನವರಿಗೆ ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಶಿಪ್ ಸೀರೀಸ್ ಅಂತ ಹಂತಹಂತದ ಟೂರ್ನಿ ನಡೆಸುತ್ತದೆ. ಮಕ್ಕಳು ಮೊದಲು ಹತ್ತುವ ಮೆಟ್ಟಿಲು ಅದು. ಕಲಬುರಗಿ ಜಿಲ್ಲೆಯಲ್ಲಿ ಈ ವರ್ಷ ಅಂಥ ಟೂರ್ನಿ ಎಷ್ಟು ನಡೀತಾವ, ಅದರಲ್ಲಿ ತಾಲೂಕುಗಳಿಂದ ಎಷ್ಟು ಮಕ್ಕಳು ಹೋಗ್ತಾರ ಅನ್ನೋ ಪ್ರಶ್ನೆಯನ್ನ ಕ್ರೀಡಾ ಇಲಾಖೆಗೆ ಕೇಳಬೇಕು. ಮೆಟ್ಟಿಲಿಲ್ಲದ ಮಹಡಿ ಕಟ್ಟಿದರೆ ಹೊರಗಿನವರು ಬಂದು ಆಡಿ ಹೋಗ್ತಾರ, ಊರಿನವರು ಕೆಳಗ ನಿಂತು ನೋಡ್ತಾರ.

ಹಣ ಇಲ್ಲ ಅನ್ನೋ ಮಾತು ಈ ಭಾಗದಲ್ಲಿ ಸುಲಭಕ್ಕೆ ಒಪ್ಪೋದಲ್ಲ. 371(ಜೆ) ಬಂದ ಮೇಲೆ ಪ್ರದೇಶಾಭಿವೃದ್ಧಿ ಮಂಡಳಿ ಇದೆ, 2023ರ ಜುಲೈ ಬಜೆಟ್‌ನಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಕುಡಿಯುವ ನೀರು, ಶಾಲಾ ಕೋಣೆ, ಆಸ್ಪತ್ರೆಗಳ ಮುಂದೆ ಟೆನಿಸ್ ಕೇಳೋದು ಬರದ ವರ್ಷದಲ್ಲಿ ಅತಿಯಾಯಿತು ಅನ್ನೋರು ಇದ್ದಾರ, ಅವರ ಮಾತೂ ತಪ್ಪಲ್ಲ. ಆದರೆ ಇಲ್ಲಿ ಬೇಕಾಗಿರೋದು ಕೋಟಿಗಟ್ಟಲೆ ಕೆಲಸ ಅಲ್ಲ. ಟೆನಿಸ್ ಕಲಿಯೋ ಮಗುವಿಗೆ ಮೊದಲು ಬೇಕಾದದ್ದು ಒಂದು ಗೋಡೆ. ಸಮತಟ್ಟಾದ ಸಿಮೆಂಟ್ ನೆಲ, ಎದುರಿಗೆ ಹತ್ತಡಿ ಎತ್ತರದ ಗೋಡೆ, ಅದರ ಮೇಲೆ ಬಲೆಯ ಎತ್ತರಕ್ಕೆ, ಅಂದ್ರ ಮೂರಡಿಗೆ, ಒಂದು ಬಿಳಿ ಗೆರೆ. ಎದುರಾಳಿ ಬ್ಯಾಡ, ಬಲೆ ಬ್ಯಾಡ. ಚೆಂಡು ಹೊಡೆದಷ್ಟೂ ವಾಪಸ್ ಬರ್ತದ. ಒಂದು ಪ್ರೌಢಶಾಲೆಯ ಕಾಂಪೌಂಡಿನೊಳಗ ಇದು ಆಗದ ಕೆಲಸ ಏನಲ್ಲ.

ಕಡಗಂಚಿಗೆ ಇನ್ನೂ ಒಂದು ಅನುಕೂಲ ಇದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲೇ ಇದೆ, 600 ಎಕರೆಗೂ ಹೆಚ್ಚು ಜಾಗದಲ್ಲಿ. ದೇಶದ ಬೇರೆಬೇರೆ ರಾಜ್ಯಗಳ ವಿದ್ಯಾರ್ಥಿಗಳು ಅಲ್ಲಿ ಓದ್ತಾರ, ಟೆನಿಸ್ ಬಲ್ಲವರು ಅವರಲ್ಲಿ ಇದ್ದೇ ಇರ್ತಾರ. ಭಾನುವಾರ ಎರಡು ತಾಸು ಸುತ್ತಲಿನ ಊರಿನ ಮಕ್ಕಳಿಗೆ ಕಲಿಸೋ ವ್ಯವಸ್ಥೆ ಮಾಡಿದರೆ ಕೋಚ್ ಇಲ್ಲ ಅನ್ನೋ ಮಾತಿಗೆ ಅರ್ಧ ಉತ್ತರ ಸಿಗ್ತದ.

ಸುದ್ದಿ ಮುಟ್ಟೋದೂ ಕೆಲಸದ ವಿಷಯವೇ. ಮರುದಿನ ಯಾರ ಪಂದ್ಯ ಎಷ್ಟು ಗಂಟೆಗೆ ಅನ್ನೋ ಪಟ್ಟಿ ಹಿಂದಿನ ಸಂಜೆ ಇಂಗ್ಲಿಷಿನಲ್ಲಿ ಐಟಿಎಫ್ ವೆಬ್‌ಸೈಟಿನಲ್ಲಿ ಬರ್ತದ. ಅದನ್ನ ಕನ್ನಡದಾಗ ಒಂದು ಪುಟ ಮಾಡಿ ಶಾಲೆ, ಕಾಲೇಜು, ಗ್ರಾಮ ಪಂಚಾಯಿತಿ ವಾಟ್ಸಾಪ್ ಗುಂಪುಗಳಿಗೆ ಹಾಕೋಕೆ ಒಬ್ಬ ಮನುಷ್ಯನಿಗೆ ಹತ್ತು ನಿಮಿಷ ಸಾಕು. ಸೋಮವಾರದ ಅರ್ಹತಾ ಪಂದ್ಯಗಳಿಗೆ ತಾಲೂಕಿಗೊಂದು ಶಾಲೆಯ ಮಕ್ಕಳನ್ನ ಬಸ್ಸಿನಲ್ಲಿ ಕರೆತಂದರೆ ಗ್ಯಾಲರಿಯೂ ತುಂಬ್ತದ. ಮಕ್ಕಳಿಗೆ ಫೈನಲ್‌ಗಿಂತ ಇದೇ ಒಳ್ಳೇದು. ತಮಗಿಂತ ನಾಕೈದು ವರ್ಷ ದೊಡ್ಡ ಹುಡುಗ ಸೋತು ಟವೆಲ್ ಮುಖಕ್ಕೆ ಹಾಕಿಕೊಂಡು ಕೂಡೋದನ್ನ ಹತ್ತಿರದಿಂದ ನೋಡಿದರೆ, ಟಿವಿಯಲ್ಲಿ ಕಾಣದ ಟೆನಿಸ್ ಕಾಣ್ತದ.

ಒಂದು ಸಲ ಟೂರ್ನಿ ಮಾಡಿ ಬಿಟ್ಟರೆ ಇದ್ಯಾವುದೂ ಆಗಲ್ಲ. 2023ರಲ್ಲಿ ರಾಜ್ಯದೊಳಗೆ ಮೈಸೂರು, ಧಾರವಾಡದಲ್ಲೂ ಐಟಿಎಫ್ ಪಂದ್ಯ ನಡೆದವು, ಧಾರವಾಡದಲ್ಲೂ ಗೆದ್ದದ್ದು ಇದೇ ರಾಮ್‌ಕುಮಾರ್. ಆಳಂದದವರು ಸಂತಿ-ಆಸ್ಪತ್ರೆ ಅಂತ ಹೋಗಿಬರುವ ಸೊಲ್ಲಾಪುರದಲ್ಲೂ ಮಹಿಳೆಯರ ಟೂರ್ನಿ ನಡೆದಿದೆ. ಪ್ರತಿ ವರ್ಷ ಇದೇ ವಾರ ಕಲಬುರಗಿಯಲ್ಲಿ ಟೆನಿಸ್ ಅಂತ ಖಾತ್ರಿಯಾದರೆ ಮಾತ್ರ ಶಾಲೆಗಳು ಅದನ್ನ ತಮ್ಮ ಲೆಕ್ಕದಾಗ ಇಟ್ಟುಕೊಳ್ತಾವ. ಜಿಲ್ಲಾಡಳಿತ, ರಾಜ್ಯ ಟೆನಿಸ್ ಸಂಸ್ಥೆ ಈ ವರ್ಷದ ದಿನಾಂಕವನ್ನ ಮಳೆಗಾಲಕ್ಕೆ ಮುಂಚೆಯೇ ಹೇಳಿಬಿಟ್ಟರೆ ಬಾಕಿ ತಯಾರಿಗೆ ಸಮಯ ಸಿಗ್ತದ.

ಅಲ್ಲಿತನಕ ಕಾಯೋಕೆ ಆಗದವರಿಗೆ ಬೆಂಗಳೂರು ಓಪನ್ ಚಾಲೆಂಜರ್ ಟೂರ್ನಿ ಇತ್ತು, 2024ರ ಫೆಬ್ರವರಿ 12ರಿಂದ 18ರವರೆಗೆ, ಕಬ್ಬನ್ ಪಾರ್ಕಿನ ರಾಜ್ಯ ಟೆನಿಸ್ ಸಂಸ್ಥೆಯ ಅಂಕಣದಲ್ಲಿ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಮುಂಜಾನಿ ಬೆಂಗಳೂರು. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಇಳಿದು ನಡೆದರೆ ಸಾಕು. ಇಂಥ ಟೂರ್ನಿಗೆ ಹೋಗೋರು ಫೈನಲ್‌ಗೆ ಕಾಯದೆ ಅರ್ಹತಾ ಸುತ್ತಿಗೇ ಹೋಗೋದು ಚಲೋ.